ವಾರಕ್ಕೆ ಮೂರು ಪೌಂಡ್ ಹೆಚ್ಚಾಗಿದ್ದಕ್ಕೆ: ಬ್ರಿಟನ್ನಿನ ಪಿಂಚಣಿ ಮತ್ತು ಭತ್ಯೆ ಸುಧಾರಣೆಯ ಬಗ್ಗೆ ಚರ್ಚೆ

ಶಾಲ್ಮಲೆ, ಕೊವೆಂಟ್ರಿ
ಡಿಸೆಂಬರ್ 7, 2025, ಬೆಳಿಗ್ಗೆ

ನಮ್ಮ ಪಕ್ಕದ ಮನೆಯಲ್ಲಿ 71 ವರ್ಷದ ಹೆಂಗಸೊಬ್ಬರು ಒಂಟಿಯಾಗಿದ್ದಾರೆ. ನನ್ನ ಮಕ್ಕಳಿಗೆ ಅವರು ಅಜ್ಜಿಯೇ. ಕಳೆದ ವಾರ, ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ ಎಂದು ಒಂದು ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರು. ಓದಿ ಹೇಳಿದೆ: ಈ ಚಳಿಗಾಲದ ಇಂಧನ ಭತ್ಯೆ 200 ಪೌಂಡ್ ನಿಮ್ಮ ಖಾತೆಗೆ ಬರುತ್ತದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಕಾಗದವನ್ನು ನಾಲ್ಕಾಗಿ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, "ಮುಂದಿನ ವರ್ಷವೂ ಇರುತ್ತದೆ ಎಂದು ಅದರಲ್ಲಿ ಬರೆದಿದೆಯೇ?" ಎಂದು ಕೇಳಿದರು.

ಬರೆದಿರಲಿಲ್ಲ.

ಹಿನ್ನೆಲೆ ತಿಳಿಯದವರಿಗಾಗಿ ಹೇಳುತ್ತೇನೆ. 1997ರಲ್ಲಿ ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ ಬಂದ ಭತ್ಯೆ ಇದು. ವಯಸ್ಸೊಂದನ್ನೇ ನೋಡಿ ಎಲ್ಲ ಪಿಂಚಣಿದಾರರಿಗೂ ಕೊಡುತ್ತಿದ್ದರು. ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300. 2024ರ ಜುಲೈ 29ರಂದು ಲೇಬರ್ ಸರ್ಕಾರದ ಹಣಕಾಸು ಸಚಿವೆ ರೇಚಲ್ ರೀವ್ಸ್ ಅದನ್ನು ಪೆನ್ಷನ್ ಕ್ರೆಡಿಟ್ ಎಂಬ, ಕಡಿಮೆ ಆದಾಯದ ಹಿರಿಯರ ನೆರವು ಪಡೆಯುವ ಬಡವರಿಗಷ್ಟೇ ಉಳಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಇದ್ದ ಫಲಾನುಭವಿಗಳು 15 ಲಕ್ಷದ ಆಸುಪಾಸಿಗೆ ಇಳಿದರು. ಆ ವರ್ಷ ಒಂಟಿ ವ್ಯಕ್ತಿಗೆ ಪೆನ್ಷನ್ ಕ್ರೆಡಿಟ್‌ನ ಮಿತಿ ವಾರಕ್ಕೆ 218 ಪೌಂಡ್ 15 ಪೆನ್ಸ್. ಪೂರ್ತಿ ಹೊಸ ಸರ್ಕಾರಿ ಪಿಂಚಣಿ 221 ಪೌಂಡ್ 20 ಪೆನ್ಸ್. ನಮ್ಮ ಅಜ್ಜಿಗೆ ಬರುತ್ತಿದ್ದದ್ದು ಆ ಪಿಂಚಣಿ ಮಾತ್ರ. ವಾರಕ್ಕೆ 3 ಪೌಂಡ್ 5 ಪೆನ್ಸ್ ಹೆಚ್ಚಾಗಿದ್ದುದಕ್ಕೆ ಅವರು ಬಡವರಲ್ಲ ಎಂದಾಯಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಆ ಹೆಚ್ಚುವರಿ 159 ಪೌಂಡ್ ಕೂಡ ಆಗುವುದಿಲ್ಲ. ಕಳೆದುಕೊಂಡದ್ದು 200.

ಕಳೆದ ಜನವರಿಯಲ್ಲಿ ಅವರ ಮನೆಗೆ ಸಾರು ಕೊಡಲು ಹೋದಾಗ ಅವರು ಅಡುಗೆಮನೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದರು. ಒಂದೇ ಕೋಣೆ ಬೆಚ್ಚಗಿದ್ದರೆ ಸಾಕು ಎಂದು ಉಳಿದ ರೇಡಿಯೇಟರ್‌ಗಳನ್ನೆಲ್ಲ ಆರಿಸಿದ್ದರು. ನಡುಮನೆಯ ಕಿಟಕಿಯ ಒಳಮೈಯಲ್ಲಿ ನೀರು ಇಳಿದು ಗೋಡೆಯ ಕಾಗದ ಕಪ್ಪಾಗಿತ್ತು.

ಈಗ ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯ ಇರುವವರಿಗೆಲ್ಲ ಭತ್ಯೆ ಮರಳಿದೆ. ಒಳ್ಳೆಯದೇ. ಆದರೆ ಒಂದು ವರ್ಷದೊಳಗೆ 11,000ದ ಚಿಲ್ಲರೆ ಪೌಂಡ್‌ನ ಹತ್ತಿರ ಇದ್ದ ಗೆರೆ 35,000ಕ್ಕೆ ಹಾರಿತಲ್ಲ, ಮೊದಲ ಗೆರೆಯನ್ನು ಯಾರ ಮನೆಯ ಖರ್ಚು ನೋಡಿ ಎಳೆದಿದ್ದರು? ನನ್ನ ಅನಿಸಿಕೆ ಇಷ್ಟು: ಉಳಿಸಬೇಕಾದ ಮೊತ್ತವನ್ನು ಮೊದಲು ಬರೆದುಕೊಂಡು, ಆಮೇಲೆ ಮನುಷ್ಯರನ್ನು ಅದಕ್ಕೆ ಹೊಂದಿಸುತ್ತಿದ್ದಾರೆ. ಪಿಂಚಣಿ, ಅಂಗವೈಕಲ್ಯ ಭತ್ಯೆ, ಮಕ್ಕಳ ಭತ್ಯೆ ಎಲ್ಲದರಲ್ಲೂ ಇದೇ ಆಗುತ್ತಿದೆ. ಇಲ್ಲಿ ದುಡಿಯುವವರು, ದುಡಿದು ಊರಿಗೆ ಮರಳಿದವರು ಏನು ಹೇಳುತ್ತೀರಿ?

ಲೆಕ್ಕಪತ್ರ, ರೆಡಿಂಗ್
ಡಿಸೆಂಬರ್ 7, ಮಧ್ಯಾಹ್ನ

ಶಾಲ್ಮಲೆಯವರೇ, ನಿಮ್ಮ ಪಕ್ಕದ ಮನೆಯವರಿಗೆ ಆದದ್ದು ಅನ್ಯಾಯ ಎಂಬುದನ್ನು ಒಪ್ಪುತ್ತೇನೆ. ಗೆರೆ ಎಳೆದ ಜಾಗ ತಪ್ಪು. ಗೆರೆಯೇ ಬೇಡ ಎನ್ನುವುದನ್ನು ಮಾತ್ರ ಒಪ್ಪಲಾರೆ. ಎರಡು ಮನೆ ಬಾಡಿಗೆಗೆ ಕೊಟ್ಟು, ಚಳಿಗಾಲವನ್ನು ಸ್ಪೇನ್‌ನಲ್ಲಿ ಕಳೆಯುವ ದಂಪತಿಗೂ 27 ವರ್ಷ ಈ ಹಣ ಹೋಗಿದೆ.

ಆದರೆ ಇಂಧನ ಭತ್ಯೆ ಸಣ್ಣ ಮಾತು. ಅದರ ಕಡಿತದಿಂದ ಉಳಿಯಬೇಕಿದ್ದದ್ದು ವರ್ಷಕ್ಕೆ ಒಂದೂವರೆ ಶತಕೋಟಿ ಪೌಂಡ್‌ನಷ್ಟು. ದೊಡ್ಡ ಮೊತ್ತ ಇರುವುದು ಟ್ರಿಪಲ್ ಲಾಕ್‌ನಲ್ಲಿ. ಬೆಲೆ ಏರಿಕೆ, ಸರಾಸರಿ ಸಂಬಳದ ಏರಿಕೆ, ಶೇ 2.5 ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಸರ್ಕಾರಿ ಪಿಂಚಣಿ ಪ್ರತಿ ಏಪ್ರಿಲ್‌ನಲ್ಲಿ ಏರಬೇಕು ಎಂಬುದು 2010ರ ಸಮ್ಮಿಶ್ರ ಸರ್ಕಾರ ತಂದ ನಿಯಮ. ಕೇಳಲು ಸರಳ. ನಡೆಯುವ ರೀತಿ ನೋಡಿ. ಬೆಲೆಗಳು ಗಗನಕ್ಕೇರಿದ್ದರಿಂದ 2023ರಲ್ಲಿ ಪಿಂಚಣಿ ಶೇ 10.1 ಏರಿತು. ಅದೇ ಬೆಲೆಯ ಬಿಸಿಗೆ ಸಂಬಳಗಳು ತಡವಾಗಿ ಏರಿದವು, ಆದ್ದರಿಂದ 2024ರಲ್ಲಿ ಮತ್ತೆ ಶೇ 8.5. ಒಂದೇ ಬೆಂಕಿಗೆ ಎರಡು ಸಲ ಪರಿಹಾರ. ದುಡಿಯುವವನಿಗೆ ಸಂಬಳ ಏರಿದ್ದು ಒಂದೇ ಸಲ.

ಏರಿದ್ದು ಮತ್ತೆ ಇಳಿಯುವುದಿಲ್ಲ. ಸರ್ಕಾರದ ಹಣಕಾಸನ್ನು ಸ್ವತಂತ್ರವಾಗಿ ಅಳೆಯುವ ಬಜೆಟ್ ಹೊಣೆಗಾರಿಕೆ ಕಚೇರಿ ಕಳೆದ ಜುಲೈನಲ್ಲಿ ಹೇಳಿತು: ಈ ದಶಕದ ಕೊನೆಗೆ ಟ್ರಿಪಲ್ ಲಾಕ್‌ನ ವಾರ್ಷಿಕ ಹೊರೆ 15.5 ಶತಕೋಟಿ ಪೌಂಡ್, ಆರಂಭದಲ್ಲಿ ಅಂದುಕೊಂಡದ್ದರ ಮೂರು ಪಟ್ಟು. ನಾವು ಸಂಬಳದಿಂದ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯನ್ನು ನಮ್ಮ ಹೆಸರಿನಲ್ಲಿ ಎಲ್ಲಿಯೂ ಕೂಡಿಡುತ್ತಿಲ್ಲ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ. ಭವಿಷ್ಯ ನಿಧಿಯಂತೆ ಅಲ್ಲ ಅದು. ಈ ತಿಂಗಳು ನನ್ನ ಸಂಬಳದಿಂದ ಹೋದದ್ದು ಈ ತಿಂಗಳೇ ಯಾರದೋ ಪಿಂಚಣಿಯಾಗಿ ಹೋಗುತ್ತದೆ. ನನ್ನ ಕಾಲಕ್ಕೆ ಕಟ್ಟುವವರು ಎಷ್ಟು ಮಂದಿ ಇರುತ್ತಾರೆ?

ನನಗೆ 34 ವರ್ಷ. ಸಂಬಳದ ಐದರಲ್ಲಿ ಎರಡು ಪಾಲು ಬಾಡಿಗೆಗೆ ಹೋಗುತ್ತದೆ. ಬಾಡಿಗೆ ಪಡೆಯುವವರು ಪಿಂಚಣಿದಾರರು. ನನ್ನ ಪ್ರಶ್ನೆಯನ್ನು ಹಿರಿಯರ ಮೇಲಿನ ಹಗೆ ಎಂದು ದಯವಿಟ್ಟು ಯಾರೂ ಓದಬೇಡಿ.

ನಿವೃತ್ತ ದಾದಿ, ಲೆಸ್ಟರ್
ಡಿಸೆಂಬರ್ 7, ರಾತ್ರಿ

ತಮ್ಮಾ, ಹಗೆ ಎಂದು ಓದುವುದಿಲ್ಲ. ನೀನು ಲೆಕ್ಕವನ್ನು 2010ರಿಂದ ಶುರು ಮಾಡಿದ್ದೀಯ. ನಾನು ಉಡುಪಿಯಿಂದ ಇಲ್ಲಿಗೆ ಬಂದದ್ದು 1973ರಲ್ಲಿ. ನನ್ನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ನಾನು ವಾರ್ಡಿನಲ್ಲಿ ಹೊಸಬಳಾಗಿದ್ದಾಗ ಪಿಂಚಣಿ ಸಂಬಳದ ಜೊತೆಗೇ ಏರುತ್ತಿತ್ತು. 1980ರಲ್ಲಿ ಥ್ಯಾಚರ್ ಸರ್ಕಾರ ಆ ಕೊಂಡಿ ಕಳಚಿ ಬೆಲೆಗೆ ಮಾತ್ರ ಕಟ್ಟಿತು. ಒಂದು ವರ್ಷದಲ್ಲಿ ಅದು ಗೊತ್ತಾಗುವುದಿಲ್ಲ, ಎರಡು ವರ್ಷದಲ್ಲಿಯೂ ಇಲ್ಲ. ಮೂವತ್ತು ವರ್ಷ ಹೀಗೆ ಕಳೆದಾಗ, ಸರಾಸರಿ ಸಂಬಳದ ಕಾಲು ಭಾಗದಷ್ಟಿದ್ದ ಮೂಲ ಪಿಂಚಣಿ ಆರರಲ್ಲಿ ಒಂದು ಭಾಗದ ಹತ್ತಿರಕ್ಕೆ ಕುಸಿದಿತ್ತು. 2000ದ ಏಪ್ರಿಲ್‌ನಲ್ಲಿ ಏರಿಸಿದ್ದು ಎಷ್ಟು ಗೊತ್ತೇ? ವಾರಕ್ಕೆ 75 ಪೆನ್ಸ್. ಆ ವಾರ ನನ್ನ ವಾರ್ಡಿನಲ್ಲಿದ್ದ ಒಬ್ಬ ಮುದುಕರು ನರ್ಸ್‌ಗಳ ಮೇಜಿನ ಮೇಲೆ ಮೂರು ನಾಣ್ಯ, ಐವತ್ತರದು ಒಂದು, ಇಪ್ಪತ್ತರದು ಒಂದು, ಐದರದು ಒಂದು, ಸಾಲಾಗಿ ಇಟ್ಟರು. "ಇದು ನನ್ನ ಬೆಲೆ" ಎಂದರು. ಅವರು ಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಟ್ರಿಪಲ್ ಲಾಕ್ ಹುಟ್ಟಿದ್ದು ಆ ಮೂರು ನಾಣ್ಯಗಳಿಂದ ಎಂದೇ ನಾನು ತಿಳಿದಿದ್ದೇನೆ.

ಇನ್ನೊಂದು ಮಾತು. ಪತ್ರಿಕೆಗಳಲ್ಲಿ ಬರುವ 230 ಪೌಂಡ್ 25 ಪೆನ್ಸ್ ಎಂಬ ಈ ವರ್ಷದ ದರ 2016ರ ಏಪ್ರಿಲ್ ನಂತರ ಪಿಂಚಣಿ ವಯಸ್ಸು ಮುಟ್ಟಿದವರಿಗೆ. ನನ್ನಂಥ ಹಳಬರ ಮೂಲ ಪಿಂಚಣಿ 176 ಪೌಂಡ್ 45 ಪೆನ್ಸ್. ಅದರ ಮೇಲೆ ಹಳೆಯ ಪದ್ಧತಿಯ ಹೆಚ್ಚುವರಿ ಪಿಂಚಣಿ ಇದ್ದರೆ ಅದಕ್ಕೆ ಟ್ರಿಪಲ್ ಲಾಕ್ ಅನ್ವಯಿಸುವುದಿಲ್ಲ, ಬೆಲೆ ಏರಿಕೆ ಮಾತ್ರ. ಮಕ್ಕಳನ್ನು ಸಾಕಲು ಕೆಲಸ ಬಿಟ್ಟ ಹೆಂಗಸರಿಗೆ ಅದು ಹೆಚ್ಚೇನೂ ಇರುವುದಿಲ್ಲ.

ಶಾಲ್ಮಲೆಯವರ ಪಕ್ಕದ ಮನೆಯಾಕೆ 1954ರಲ್ಲಿ ಹುಟ್ಟಿದವರು ಇರಬೇಕು. ಹಾಗಿದ್ದರೆ ಅವರಿಗೆ ಇದು ಮೊದಲ ಪೆಟ್ಟಲ್ಲ. ದುಡಿಯಲು ಶುರು ಮಾಡಿದಾಗ 60ಕ್ಕೆ ಪಿಂಚಣಿ ಎಂದು ನಂಬಿದ ಪೀಳಿಗೆ ಅದು. 1995ರ ಕಾನೂನು ಹೆಂಗಸರ ವಯಸ್ಸನ್ನು ಗಂಡಸರ 65ಕ್ಕೆ ಸಮ ಮಾಡಿತು, 2011ರ ಕಾನೂನು ಅದನ್ನು ಇನ್ನೂ ಬೇಗ ಜಾರಿಗೆ ತಂದಿತು. ಸಮ ಮಾಡಿದ್ದು ತಪ್ಪಲ್ಲ. ಸರಿಯಾದ ಹೊತ್ತಿಗೆ ಮನೆಗೆ ಕಾಗದ ಕಳಿಸಿ ತಿಳಿಸಲಿಲ್ಲ ಎಂಬುದೇ ದೂರು. ಸಂಸತ್ತಿನ ಓಂಬುಡ್ಸ್‌ಮನ್ 2024ರ ಮಾರ್ಚ್‌ನಲ್ಲಿ ತಲಾ 1,000ದಿಂದ 2,950 ಪೌಂಡ್ ಪರಿಹಾರ ಕೊಡಬಹುದು ಎಂದರು. ಅದೇ ಡಿಸೆಂಬರ್‌ನಲ್ಲಿ ಸರ್ಕಾರ ಕ್ಷಮೆ ಕೇಳಿತು, ಹಣ ಕೊಡುವುದಿಲ್ಲ ಎಂದಿತು. ವಿರೋಧ ಪಕ್ಷದಲ್ಲಿದ್ದಾಗ ಆ ಹೆಂಗಸರ ಫಲಕಗಳ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವರೇ ಅಧಿಕಾರದಲ್ಲಿದ್ದರು. ಅದು ನನಗೆ ಇಂದಿಗೂ ನೋವು.

ಲೆಕ್ಕಪತ್ರ, ರೆಡಿಂಗ್
ಡಿಸೆಂಬರ್ 8, ಬೆಳಿಗ್ಗೆ

ಅಮ್ಮ, ಮೂರು ನಾಣ್ಯಗಳ ಮಾತು ಓದಿ ರಾತ್ರಿ ಬಹಳ ಹೊತ್ತು ಯೋಚಿಸಿದೆ. 1980ರಿಂದ ಆದ ಕುಸಿತವನ್ನು ತುಂಬಬೇಕಿತ್ತು, ಟ್ರಿಪಲ್ ಲಾಕ್ ಅದನ್ನು ಬಹುಮಟ್ಟಿಗೆ ತುಂಬಿದೆ. ಇನ್ನು ಮುಂದೆ ಸಂಬಳದ ಏರಿಕೆಯೊಂದಕ್ಕೇ ಕಟ್ಟಿ, ಬೆಲೆ ಜಿಗಿದ ವರ್ಷಗಳಲ್ಲಿ ಮಾತ್ರ ತಾತ್ಕಾಲಿಕವಾಗಿ ಮೇಲೆತ್ತಿ, ಆಮೇಲೆ ಸಂಬಳದ ದಾರಿಗೆ ತರಬಹುದು. ಹಿರಿಯರು ದೇಶದ ಜೊತೆಗೇ ಸಾಗುತ್ತಾರೆ, ಹಿಂದೆ ಬೀಳುವುದಿಲ್ಲ. ಇಷ್ಟೇ ನನ್ನ ಬೇಡಿಕೆ.

ಮುಂದಿನ ಏಪ್ರಿಲ್‌ಗೆ ಶೇ 4.8 ಏರಿ ಹೊಸ ಪಿಂಚಣಿ 241 ಪೌಂಡ್ 30 ಪೆನ್ಸ್ ಆಗುತ್ತದೆ. ವರ್ಷಕ್ಕೆ 12,547 ಪೌಂಡ್. ತೆರಿಗೆ ಇಲ್ಲದ ಮಿತಿ 12,570ರಲ್ಲಿ ಹೆಪ್ಪುಗಟ್ಟಿ ನಿಂತಿದೆ, ನವೆಂಬರ್ ಬಜೆಟ್‌ನಲ್ಲಿ ಅದನ್ನು 2031ರವರೆಗೆ ಹಾಗೆಯೇ ಇಟ್ಟರು. ಒಂದು ಕೈ ಏರಿಸುತ್ತದೆ, ಇನ್ನೊಂದು ಕೈ ತೆರಿಗೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಮಕ್ಕಳ ಮಾತನ್ನೂ ಹೇಳಿಬಿಡುತ್ತೇನೆ. ಈ ದೇಶದಲ್ಲಿ ಮನೆಯ ಖರ್ಚು ಕಳೆದ ಮೇಲೆ ಬಡತನದಲ್ಲಿರುವ ಮಕ್ಕಳು 45 ಲಕ್ಷ. ಸುಮಾರು ಹತ್ತರಲ್ಲಿ ಮೂರು ಮಕ್ಕಳು. ಪಿಂಚಣಿದಾರರಲ್ಲಿ ಆರರಲ್ಲಿ ಒಬ್ಬರು. ಮೂರನೆಯ ಮಗುವಿಗೆ ನೆರವಿಲ್ಲ ಎಂಬ 2017ರ ಎರಡು ಮಕ್ಕಳ ಮಿತಿಯನ್ನು ತೆಗೆಯಿರಿ ಎಂದು ಮತ ಹಾಕಿದ್ದಕ್ಕೆ 2024ರ ಜುಲೈನಲ್ಲಿ ಲೇಬರ್ ಪಕ್ಷ ತನ್ನದೇ ಏಳು ಸಂಸದರನ್ನು ಅಮಾನತು ಮಾಡಿತ್ತು. ಹದಿನಾರು ತಿಂಗಳ ನಂತರ ಅದೇ ಸರ್ಕಾರ ಮುಂದಿನ ಏಪ್ರಿಲ್‌ನಿಂದ ಆ ಮಿತಿ ಇರುವುದಿಲ್ಲ ಎಂದು ಬಜೆಟ್‌ನಲ್ಲಿ ಹೇಳಿದೆ. ನನಗೆ ತುಂಬ ಸಂತೋಷವಾಯಿತು. ಆದರೆ ಆ ಮಕ್ಕಳಿಗೆ ಮತವಿಲ್ಲ, ಪಿಂಚಣಿದಾರರಿಗೆ ಇದೆ. ಯಾವುದು ಹತ್ತೇ ತಿಂಗಳಲ್ಲಿ ಮರಳಿತು, ಯಾವುದಕ್ಕೆ ಎಂಟು ವರ್ಷ ಬೇಕಾಯಿತು ಎಂಬುದನ್ನು ನೋಡಿ.

ನೇರಮಾತು, ಮ್ಯಾಂಚೆಸ್ಟರ್
ಡಿಸೆಂಬರ್ 8, ಮಧ್ಯಾಹ್ನ

ಹಿರಿಯರ ಬಗ್ಗೆ ಯಾರೂ ಕಠಿಣವಾಗಿ ಮಾತನಾಡಲಾರರು. ನನ್ನ ಆಕ್ಷೇಪ ದುಡಿಯುವ ವಯಸ್ಸಿನವರ ಭತ್ಯೆಗಳ ಬಗ್ಗೆ. ಸರ್ಕಾರವೇ ಹೇಳುವಂತೆ ಆ ವಯಸ್ಸಿನ ಹತ್ತು ಜನರಲ್ಲಿ ಒಬ್ಬರು ಅನಾರೋಗ್ಯ ಇಲ್ಲವೇ ಅಂಗವೈಕಲ್ಯದ ಭತ್ಯೆ ಪಡೆಯುತ್ತಿದ್ದಾರೆ. ಪಿಐಪಿ ಎಂಬ ವೈಯಕ್ತಿಕ ಸ್ವಾವಲಂಬನೆಯ ಭತ್ಯೆ ಪಡೆಯುವವರು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 37 ಲಕ್ಷ ದಾಟಿದ್ದಾರೆ. ಕೋವಿಡ್‌ಗೆ ಮೊದಲು ಇಷ್ಟಿರಲಿಲ್ಲ. ನಾನು ಬೆಳಿಗ್ಗೆ 5 ಗಂಟೆಗೆ ಎದ್ದು ಗೋದಾಮಿನ ಕೆಲಸಕ್ಕೆ ಹೋಗುತ್ತೇನೆ. ಇದನ್ನು ಸರಿಪಡಿಸಲು ಹೊರಟ ಸರ್ಕಾರವನ್ನು ಅದರದೇ ಸಂಸದರು ಕೈಕಟ್ಟಿ ಕೂರಿಸಿದರು. ಇದು ಜವಾಬ್ದಾರಿಯೇ?

ಸಂಪಿಗೆ, ಬ್ರಿಸ್ಟಲ್
ಡಿಸೆಂಬರ್ 8, ರಾತ್ರಿ

ನೇರಮಾತು ಅವರೇ, ನಾನು ಆ 37 ಲಕ್ಷದಲ್ಲಿ ಒಬ್ಬಳು. ಶಾಲೆಯೊಂದರ ಕಚೇರಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತೇನೆ. ಪಿಐಪಿ ಎಂದರೆ ಕೆಲಸವಿಲ್ಲದವರ ಭತ್ಯೆ ಅಲ್ಲ. ಅಂಗವೈಕಲ್ಯದಿಂದ ಆಗುವ ಹೆಚ್ಚಿನ ಖರ್ಚಿಗೆ ಕೊಡುವುದು, ಕೆಲಸ ಇದ್ದರೂ ಇಲ್ಲದಿದ್ದರೂ. ಒಂಬತ್ತು ವರ್ಷದಿಂದ ನನಗೆ ಸಂಧಿವಾತ. ಬೆಳಿಗ್ಗೆ ಎದ್ದ ಮೊದಲ ಒಂದೂವರೆ ಗಂಟೆ ಬೆರಳುಗಳು ಮಡಚುವುದಿಲ್ಲ. ಚಪಾತಿ ಹಿಟ್ಟು ನಾದಿ ಎಷ್ಟೋ ವರ್ಷವಾಯಿತು. ಅಡುಗೆಮನೆಯಲ್ಲಿ ಎತ್ತರದ ಒರಗು ಸ್ಟೂಲ್ ಒಂದಿದೆ, ಅದರ ಮೇಲೆ ಒರಗಿ ನಿಂತು ತರಕಾರಿ ಹೆಚ್ಚುತ್ತೇನೆ. ಕೈ ಹೆಚ್ಚು ಊದಿದ ದಿನ ಬಸ್ಸಿನ ಕಂಬಿ ಹಿಡಿಯಲಾಗದು, ಟ್ಯಾಕ್ಸಿಯಲ್ಲಿ ಹೋಗುತ್ತೇನೆ. ಆ ಟ್ಯಾಕ್ಸಿ ಇಲ್ಲದಿದ್ದರೆ ನನ್ನ ಕೆಲಸ ಉಳಿಯುವುದಿಲ್ಲ.

ಈಗ ಕಳೆದ ಮಾರ್ಚ್ 18ರಂದು, ಆಗ ಭತ್ಯೆ ಮತ್ತು ಪಿಂಚಣಿ ಇಲಾಖೆಯ ಸಚಿವೆಯಾಗಿದ್ದ ಲಿಝ್ ಕೆಂಡಲ್ ಮುಂದಿಟ್ಟ ಸುಧಾರಣೆಯನ್ನು ನನ್ನ ಅರ್ಜಿಯ ಮೇಲಿಟ್ಟು ತೋರಿಸುತ್ತೇನೆ. ದಿನನಿತ್ಯದ ಬದುಕಿನ ಭಾಗದಲ್ಲಿ ಹತ್ತು ಚಟುವಟಿಕೆಗಳಿವೆ, ಒಟ್ಟು 8 ಅಂಕ ಬಂದರೆ ಭತ್ಯೆ. ನನಗೆ ಅಡುಗೆಗೆ ಸಾಧನ ಬೇಕು, 2 ಅಂಕ. ಸೊಂಟದ ಕೆಳಗೆ ತೊಳೆದುಕೊಳ್ಳಲು ಇನ್ನೊಬ್ಬರ ಸಹಾಯ ಬೇಕು, 2 ಅಂಕ. ಸೊಂಟದ ಕೆಳಗಿನ ಬಟ್ಟೆ ಹಾಕಿಕೊಳ್ಳಲು ಸಹಾಯ ಬೇಕು, 2 ಅಂಕ. ಶೌಚಾಲಯದಲ್ಲಿ ಹಿಡಿಕೆ ಬೇಕು, 2 ಅಂಕ. ಒಟ್ಟು 8. ವಾರಕ್ಕೆ 73 ಪೌಂಡ್ 90 ಪೆನ್ಸ್. ಸುಧಾರಣೆಯ ಪ್ರಕಾರ ಯಾವುದಾದರೂ ಒಂದರಲ್ಲಿ 4 ಅಂಕ ಇರಲೇಬೇಕು. ನನ್ನ ಬಳಿ ಅದಿಲ್ಲ. ಸೊಂಟದಿಂದ ಹೆಗಲವರೆಗೆ ತೊಳೆಯಲು ಸಹಾಯ ಬೇಕಿದ್ದರೆ 4 ಅಂಕ. ಸೊಂಟದ ಕೆಳಗಾದರೆ 2. ನನ್ನ ಗಂಡ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ನನ್ನ ಕಾಲು ತೊಳೆಸಿ, ಒಳಬಟ್ಟೆ ಹಾಕಿಸಿ ಹೋಗುತ್ತಾರೆ. ಇದನ್ನು ಇಲ್ಲಿ ಬರೆಯಲು ನನಗೆ ಬಹಳ ಸಂಕೋಚ. ಆದರೆ ಅರ್ಜಿಯಲ್ಲಿ ಬರೆಯಬೇಕಾಯಿತು, ಫೋನಿನಲ್ಲಿ ಮೌಲ್ಯಮಾಪನ ಮಾಡಿದ ಅಪರಿಚಿತರಿಗೆ ಮೂರು ಸಲ ಹೇಳಬೇಕಾಯಿತು. ಸಂಸತ್ತಿನಲ್ಲಿ ಜನರು ಇದನ್ನು "ಕಡಿಮೆ ಅಗತ್ಯ" ಎಂದು ಕರೆಯುವಾಗ ನಮ್ಮ ಬಚ್ಚಲುಮನೆ ಅವರ ಕಣ್ಣ ಮುಂದೆ ಇರಬೇಕು.

ಯಾಕೆ 4 ಅಂಕ? ವೈದ್ಯಕೀಯ ಕಾರಣವನ್ನು ಯಾರೂ ಹೇಳಲಿಲ್ಲ. 2030ರ ಹೊತ್ತಿಗೆ ವರ್ಷಕ್ಕೆ 5 ಶತಕೋಟಿ ಪೌಂಡ್‌ನ ಹತ್ತಿರ ಉಳಿಸಬೇಕಿತ್ತು. ಆ ಕ್ರಮಗಳಿಂದ 50,000 ಮಕ್ಕಳೂ ಸೇರಿ ಎರಡೂವರೆ ಲಕ್ಷ ಜನ ಬಡತನಕ್ಕೆ ಬೀಳುತ್ತಾರೆ ಎಂದದ್ದು ಸರ್ಕಾರದ್ದೇ ಮೌಲ್ಯಮಾಪನ. ಶಾಲ್ಮಲೆಯವರು ಮೊತ್ತ ಮೊದಲು, ಮನುಷ್ಯ ಆಮೇಲೆ ಎಂದದ್ದು ಇದನ್ನೇ.

ವಂಚನೆಯ ಮಾತು ನೀವು ಹೇಳಲಿಲ್ಲ, ಹೇಳುವವರಿದ್ದಾರೆ. ಇಲಾಖೆಯ ಸ್ವಂತ ಅಂದಾಜಿನಲ್ಲೇ ಪಿಐಪಿಯಲ್ಲಿ ವಂಚನೆಯ ಪಾಲು ಶೇ 1ಕ್ಕಿಂತ ಕಡಿಮೆ.

ಜುಲೈ 1ರಂದು ನಾನು ಕಚೇರಿಯಿಂದ ಬಂದು ಈ ಸುಧಾರಣೆಯ ಮಸೂದೆಯ ಮೇಲಿನ ಸಂಸತ್ತಿನ ಕಲಾಪ ನೋಡುತ್ತ ಕುಳಿತಿದ್ದೆ. ಅದನ್ನು ತಡೆಯಲು ಲೇಬರ್ ಸಂಸದೆ ಮೆಗ್ ಹಿಲಿಯರ್ ತಂದ ತಿದ್ದುಪಡಿಗೆ ಅದಾಗಲೇ 120ಕ್ಕೂ ಹೆಚ್ಚು ಲೇಬರ್ ಸಂಸದರು ಸಹಿ ಹಾಕಿದ್ದರು, ಈಗ ಪಡೆಯುತ್ತಿರುವವರಿಗೆ ತೊಂದರೆಯಿಲ್ಲ ಎಂದು ಸರ್ಕಾರ ಆಗಲೇ ಹಿಂದೆ ಸರಿದಿತ್ತು. ಅಂದರೆ ನನಗೆ ಉಳಿಯುತ್ತದೆ, ನಾಳೆ ನನ್ನಂತೆಯೇ ಬೆರಳು ಬಿಗಿಯುವ ಇನ್ನೊಬ್ಬಳಿಗೆ ಇಲ್ಲ. ಚರ್ಚೆ ನಡೆಯುತ್ತಿರುವಾಗಲೇ ಸಂಜೆ ಸಚಿವ ಸ್ಟೀಫನ್ ಟಿಮ್ಸ್ ಎದ್ದು ನಿಂತು ಪಿಐಪಿಯ ಆ ಕಲಮನ್ನೇ ಮಸೂದೆಯಿಂದ ತೆಗೆಯುತ್ತೇವೆ ಎಂದರು. ನಾನು ಅತ್ತುಬಿಟ್ಟೆ. ಉಳಿದ ಮಸೂದೆ 335–260 ಮತಗಳಿಂದ ಮುಂದೆ ಹೋಯಿತು, 49 ಲೇಬರ್ ಸಂಸದರು ಆಗಲೂ ವಿರೋಧವಾಗಿ ಮತ ಹಾಕಿದರು. ಉಳಿದದ್ದರಲ್ಲಿ ಏನಿದೆ ಎಂಬುದನ್ನು ಮರೆಯಬೇಡಿ: ದುಡಿಯುವ ವಯಸ್ಸಿನ, ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್ ಭತ್ಯೆಯ ಅನಾರೋಗ್ಯದ ಭಾಗ ಮುಂದಿನ ಏಪ್ರಿಲ್‌ನಿಂದ ಹೊಸಬರಲ್ಲಿ ಹೆಚ್ಚಿನವರಿಗೆ ವಾರಕ್ಕೆ 97ರ ಬದಲು 50 ಪೌಂಡ್. ಒಂದೇ ಕಾಯಿಲೆ, ಮಾರ್ಚ್‌ನಲ್ಲಿ ಬಂದರೆ ಒಂದು ಬೆಲೆ, ಏಪ್ರಿಲ್‌ನಲ್ಲಿ ಬಂದರೆ ಇನ್ನೊಂದು.

ನೇರಮಾತು, ಮ್ಯಾಂಚೆಸ್ಟರ್
ಡಿಸೆಂಬರ್ 9, ಬೆಳಿಗ್ಗೆ 4.40

ಅಕ್ಕ, ಕೆಲಸಕ್ಕೆ ಹೊರಡುವ ಮೊದಲು ಬರೆಯುತ್ತಿದ್ದೇನೆ. 2 ಮತ್ತು 4 ಅಂಕಗಳ ವಿಷಯ ನನಗೆ ತಿಳಿದಿರಲಿಲ್ಲ. ಪಿಐಪಿ ಪಡೆಯುವವರು ಕೆಲಸ ಮಾಡುತ್ತಾರೆ ಎಂಬುದೂ ಗೊತ್ತಿರಲಿಲ್ಲ. ಸಂಖ್ಯೆ ಏಕೆ ಏರುತ್ತಿದೆ ಎಂಬ ನನ್ನ ಪ್ರಶ್ನೆ ಉಳಿದೇ ಇದೆ, ಅದಕ್ಕೆ ಉತ್ತರ ಬೇಕು. ಆದರೆ ನಿಮ್ಮ ಮನೆಯಲ್ಲಿ ಕಡಿತ ಮಾಡಿ ಎಂದು ನಾನು ಹೇಳಲಾರೆ.

ಸಂಪಿಗೆ, ಬ್ರಿಸ್ಟಲ್
ಡಿಸೆಂಬರ್ 9

ಆ ಪ್ರಶ್ನೆ ನನಗೂ ಇದೆ. ಚಿಕಿತ್ಸೆಗೆ ಕಾಯುವ ಸಾಲು ಉದ್ದವಾದಷ್ಟೂ ಕಾಯಿಲೆ ಹಳತಾಗುತ್ತದೆ. ಪಿಂಚಣಿ ವಯಸ್ಸನ್ನು 66ಕ್ಕೆ ಏರಿಸಿದಾಗ ಮೊದಲಾದರೆ ನಿವೃತ್ತರಾಗಿರುತ್ತಿದ್ದ 64, 65ರ ಹೆಂಗಸರು ಈ ಲೆಕ್ಕಕ್ಕೆ ಬಂದರು. ಮುಂದಿನ ಏಪ್ರಿಲ್‌ನಿಂದ ಅದು 67ರ ಕಡೆಗೆ ಏರತೊಡಗುತ್ತದೆ. ಗೋದಾಮಿನಲ್ಲಿ ಭಾರ ಎತ್ತುವವರ ಬೆನ್ನು 67ರವರೆಗೆ ತಡೆಯುತ್ತದೆಯೇ ಎಂದು ನೀವೇ ಹೇಳಬಲ್ಲಿರಿ.

ಹೊಸ ವೀಸಾ, ಮಿಲ್ಟನ್ ಕೀನ್ಸ್
ಡಿಸೆಂಬರ್ 9, ಸಂಜೆ

ನಾನು ಬಂದು ಮೂರು ವರ್ಷ. ನನ್ನ ವೀಸಾದಲ್ಲಿ ಸಾರ್ವಜನಿಕ ನಿಧಿಗೆ ಹಕ್ಕಿಲ್ಲ ಎಂಬ ಸಾಲು ಇದೆ. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಎಲ್ಲರಂತೆ ಕಟ್ಟುತ್ತೇನೆ, ಮೇಲಾಗಿ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ. ಇದರ ಬಗ್ಗೆ ನನಗೆ ದೂರಿಲ್ಲ, ತಿಳಿದೇ ಬಂದವನು. ಟಿವಿ ಚರ್ಚೆಗಳಲ್ಲಿ ವಲಸಿಗರು ಭತ್ಯೆಗಾಗಿ ಬರುತ್ತಾರೆ ಎಂದಾಗ ಮಾತ್ರ ಮನಸ್ಸು ಕುಗ್ಗುತ್ತದೆ. ಈಗ ಗೃಹ ಸಚಿವೆ ಶಬಾನಾ ಮಹಮೂದ್ ಅವರ ಪ್ರಸ್ತಾಪದಂತೆ ಶಾಶ್ವತ ವಾಸದ ಹಕ್ಕಿಗೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕು, ಭತ್ಯೆ ಪಡೆದವರು ಇನ್ನೂ ಹೆಚ್ಚು, ಆರೈಕೆಯ ಕೆಲಸಕ್ಕೆ ಬಂದ ಅನೇಕರು ಹದಿನೈದು. ಈ ದೇಶದ ಮುದುಕರಿಗೆ ಊಟ ತಿನ್ನಿಸುವ, ಮೈ ಒರೆಸುವ ಹುಡುಗಿಯರು ಅವರು. ಕಲ್ಯಾಣದ ಸುಧಾರಣೆ ಎಂದಾಗ ಅವರ ಹೆಸರೂ ಸೇರಬೇಕು.

ಕುಕ್ಕರಹಳ್ಳಿ ಕೆರೆ, ಮೈಸೂರು
ಡಿಸೆಂಬರ್ 10

ನಾನು ಡರ್ಬಿಯಲ್ಲಿ 27 ವರ್ಷ ಎಂಜಿನಿಯರ್ ಆಗಿದ್ದೆ. ತಾಯಿಯವರನ್ನು ನೋಡಿಕೊಳ್ಳಲು 2006ರಲ್ಲಿ ಮೈಸೂರಿಗೆ ಮರಳಿದೆ. 2008ರಲ್ಲಿ 65 ತುಂಬಿತು. ಆ ವರ್ಷ ಪೂರ್ತಿ ಮೂಲ ಪಿಂಚಣಿ ವಾರಕ್ಕೆ 90 ಪೌಂಡ್ 70 ಪೆನ್ಸ್. ಪೂರ್ತಿ ಬರಲು ಗಂಡಸರಿಗೆ ಆಗ 44 ವರ್ಷ ಬೇಕಿತ್ತು, ನನ್ನ ಪಾಲಿಗೆ ಬಂದದ್ದು ಸುಮಾರು 56 ಪೌಂಡ್.

ಇವತ್ತಿಗೂ ಸುಮಾರು 56 ಪೌಂಡ್.

ನೀವೆಲ್ಲ ಮಾತನಾಡುತ್ತಿರುವ 10.1, 8.5, 4.8 ಯಾವುದೂ ನನಗೆ ಅನ್ವಯಿಸಿಲ್ಲ. ಭಾರತದಲ್ಲಿ ನೆಲೆಸಿದ ಬ್ರಿಟಿಷ್ ಪಿಂಚಣಿದಾರರ ಮೊತ್ತ ಮೊದಲ ದಿನದ ದರದಲ್ಲೇ ನಿಂತುಬಿಡುತ್ತದೆ. ಕೆನಡಾ, ಆಸ್ಟ್ರೇಲಿಯಾದಲ್ಲಿರುವವರಿಗೂ ಹೀಗೆಯೇ. ಅಮೆರಿಕದಲ್ಲೋ ಫಿಲಿಪ್ಪೀನ್ಸ್‌ನಲ್ಲೋ ಇದ್ದಿದ್ದರೆ ಪ್ರತಿ ವರ್ಷ ಏರುತ್ತಿತ್ತು, ಆ ದೇಶಗಳ ಜೊತೆ ಹಳೆಯ ಒಪ್ಪಂದಗಳಿವೆ. ಹೀಗೆ ನಿಂತುಹೋದವರು ಲೋಕದಾದ್ಯಂತ ನಾಲ್ಕು ಲಕ್ಷಕ್ಕೂ ಹೆಚ್ಚು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಪ್ರಕರಣ ಹೋಗಿ 2010ರಲ್ಲಿ ಸೋತಿತು.

ಆರು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ನಾವಿಬ್ಬರೂ ಇಂಗ್ಲೆಂಡಿಗೆ ಹೋಗಿದ್ದೆವು. ಅಲ್ಲಿರುವಷ್ಟು ದಿನ ಏರಿದ ದರ ಕೇಳಬಹುದು ಎಂದು ಯಾರೋ ಹೇಳಿದರು. ಕೇಳಿದೆ, ಕೊಟ್ಟರು. ಆರು ವಾರ ನನಗೆ ಆ ವರ್ಷದ ದರ ಬಂದಿತು. ಬೆಂಗಳೂರಿನಲ್ಲಿ ವಿಮಾನ ಇಳಿದ ಮೇಲೆ ಮತ್ತೆ 2008. ಅದೇ ಮನುಷ್ಯ, ಅದೇ 27 ವರ್ಷದ ದುಡಿಮೆ. ಬ್ಯಾಂಕ್ ಪುಸ್ತಕದ ಆ ಪುಟವನ್ನು ನನ್ನ ಹೆಂಡತಿ ತೆರೆದು ನೋಡಿ, ಏನೂ ಹೇಳದೆ ಮುಚ್ಚಿಟ್ಟಳು.

ಇಲ್ಲಿ ಖರ್ಚು ಕಡಿಮೆಯಲ್ಲವೇ ಎಂದು ಕೇಳುತ್ತಾರೆ. ಹದಿನೇಳು ವರ್ಷದಲ್ಲಿ ಮೈಸೂರಿನಲ್ಲಿ ಔಷಧಿಯ ಬೆಲೆ ನಿಂತಿಲ್ಲ. ಅಲ್ಲಿ ನಾನು ಆಸ್ಪತ್ರೆಗೆ ಹೋಗುವುದಿಲ್ಲ, ವಸತಿ ಕೇಳುವುದಿಲ್ಲ, ಇಂಧನ ಭತ್ಯೆ ಕೇಳುವುದಿಲ್ಲ. ಕಟ್ಟಿದ್ದಕ್ಕೆ ತಕ್ಕದ್ದು ಎಲ್ಲಿದ್ದರೂ ಏರಲಿ ಎಂಬುದಷ್ಟೇ. ಬ್ರಿಟನ್ನಿನ ಸುಧಾರಣೆಯ ಚರ್ಚೆಯಲ್ಲಿ ನಮ್ಮ ಹೆಸರು ಬರುವುದೇ ಇಲ್ಲ, ನಾವು ಅಲ್ಲಿ ಇಲ್ಲವಲ್ಲ.

ನಿವೃತ್ತ ದಾದಿ, ಲೆಸ್ಟರ್
ಡಿಸೆಂಬರ್ 10, ರಾತ್ರಿ

ಅಣ್ಣ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ಜೊತೆ ಬಂದ ಗೆಳತಿಯೊಬ್ಬಳು ಮಂಗಳೂರಿಗೆ ಮರಳಿ ಹೀಗೆಯೇ ಸಿಕ್ಕಿಹಾಕಿಕೊಂಡಳು. ನಾನು ಊರಿಗೆ ಹೋಗದೆ ಇಲ್ಲೇ ಉಳಿದುದಕ್ಕೆ ಇದೂ ಒಂದು ಕಾರಣ. ಯಾರಿಗೂ ಹೇಳಿರಲಿಲ್ಲ.

ಲೆಕ್ಕಪತ್ರ, ರೆಡಿಂಗ್
ಡಿಸೆಂಬರ್ 11

ಹಿರಿಯರೇ, ಇಷ್ಟು ದಿನ ಟ್ರಿಪಲ್ ಲಾಕ್ ವಿರುದ್ಧ ವಾದಿಸುವಾಗ ಏರಿಕೆಯೇ ಇಲ್ಲದವರು ಇದ್ದಾರೆ ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಕ್ಷಮಿಸಿ.

ಊರಿಗೆ ಮರಳಿದ, ಮರಳಲಿರುವ ನನ್ನ ವಯಸ್ಸಿನವರಿಗೆ ತುರ್ತಾಗಿ ಒಂದು ವಿಷಯ. ಹೊಸ ಪಿಂಚಣಿ ಸಿಗಲು ಕನಿಷ್ಠ 10 ವರ್ಷದ ನ್ಯಾಷನಲ್ ಇನ್ಶೂರೆನ್ಸ್ ದಾಖಲೆ ಬೇಕು, ಪೂರ್ತಿಗೆ 35. ಇಲ್ಲಿ ನಾಲ್ಕೈದು ವರ್ಷ ದುಡಿದು ಬೆಂಗಳೂರಿಗೆ ಹೋದ ಎಷ್ಟೋ ಜನ ಅಲ್ಲಿಂದಲೇ ಎರಡನೇ ವರ್ಗದ ಸ್ವಯಂ ವಂತಿಗೆ ಕಟ್ಟಿ ಕೊರತೆ ತುಂಬುತ್ತಿದ್ದರು, ವಾರಕ್ಕೆ 3 ಪೌಂಡ್ 50 ಪೆನ್ಸ್. ನವೆಂಬರ್ ಬಜೆಟ್ ವಿದೇಶದಲ್ಲಿರುವವರಿಗೆ ಆ ದಾರಿಯನ್ನು 2026ರ ಏಪ್ರಿಲ್ 6ರಿಂದ ಮುಚ್ಚುತ್ತಿದೆ. ಆಮೇಲೆ ಉಳಿಯುವುದು ಮೂರನೇ ವರ್ಗ, ಈ ವರ್ಷದ ದರ ವಾರಕ್ಕೆ 17 ಪೌಂಡ್ 75 ಪೆನ್ಸ್, ಅದಕ್ಕೂ ಮೊದಲು ಹತ್ತು ವರ್ಷ ಇಲ್ಲಿ ವಾಸವಿದ್ದಿರಬೇಕು ಅಥವಾ ವಂತಿಗೆ ಕಟ್ಟಿರಬೇಕು. ಕಡಿಮೆ ದುಡ್ಡಿಗೆ ಪಿಂಚಣಿ ಕೊಳ್ಳುವುದನ್ನು ನಿಲ್ಲಿಸಬೇಕು ಎಂಬ ಸರ್ಕಾರದ ವಾದದಲ್ಲಿ ನ್ಯಾಯವಿದೆ. ಆದರೂ ನಿಮ್ಮ ದಾಖಲೆಯನ್ನು ಈಗಲೇ ತೆಗೆದು ನೋಡಿಕೊಳ್ಳಿ. ಕಂಪನಿಯ ಪರವಾಗಿ ಸ್ವಲ್ಪ ಕಾಲಕ್ಕೆ ಬರುವವರಿಗೆ ಮೂರು ವರ್ಷ ಇಲ್ಲಿನ ವಂತಿಗೆಯಿಂದ ವಿನಾಯಿತಿ ಎಂದು ಜುಲೈನಲ್ಲಿ ವ್ಯಾಪಾರ ಒಪ್ಪಂದದ ಜೊತೆಗೆ ಮಾತಾಗಿದೆಯಲ್ಲ, ಆ ಮೂರು ವರ್ಷ ಇಲ್ಲಿನ ಪಿಂಚಣಿಯ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ನೆನಪಿರಲಿ.

ಶಾಲ್ಮಲೆ, ಕೊವೆಂಟ್ರಿ
ಡಿಸೆಂಬರ್ 13

ಎಲ್ಲರ ಮಾತನ್ನೂ ಓದುತ್ತಿದ್ದೇನೆ. ನಡುವೆ ಒಂದು ಕೆಲಸ ಬಂದಿದೆ, ಸಲಹೆ ಬೇಕು. ನಮ್ಮ ಅಜ್ಜಿಯ ಅಣ್ಣನಿಗೆ 78, ನಾಲ್ಕು ಬೀದಿಯಾಚೆ ಒಬ್ಬರೇ ಇದ್ದಾರೆ. ಎಲ್ಲ ಸೇರಿ ವಾರಕ್ಕೆ 190 ಪೌಂಡ್ ಬರುತ್ತದೆ. ಪೆನ್ಷನ್ ಕ್ರೆಡಿಟ್ ಕೇಳಿಯೇ ಇಲ್ಲ. ಬ್ಯಾಂಕಿನಲ್ಲಿ 8,000 ಪೌಂಡ್ ಇದೆಯಂತೆ, ತನ್ನ ಅಂತ್ಯಕ್ರಿಯೆಗೆ ಇಟ್ಟುಕೊಂಡದ್ದು. ಅದಿರುವುದರಿಂದ ಸಿಗುವುದಿಲ್ಲ, ಕೇಳಿದರೆ ಅದನ್ನೂ ಕಿತ್ತುಕೊಳ್ಳುತ್ತಾರೆ ಎಂದು ಹೆದರಿದ್ದಾರೆ. ಹಕ್ಕಿದ್ದೂ ಕೇಳದ ಮನೆಗಳು ದೇಶದಲ್ಲಿ ಲಕ್ಷಗಟ್ಟಲೆ ಎನ್ನುತ್ತಾರೆ, ಒಂದು ನನ್ನ ಕಣ್ಣ ಮುಂದೆಯೇ ಇದೆ.

ನಿವೃತ್ತ ದಾದಿ, ಲೆಸ್ಟರ್
ಡಿಸೆಂಬರ್ 13

10,000 ಪೌಂಡ್‌ವರೆಗಿನ ಉಳಿತಾಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲಮ್ಮ. ಅದಕ್ಕಿಂತ ಹೆಚ್ಚಿದ್ದರೆ ಪ್ರತಿ 500ಕ್ಕೆ ವಾರಕ್ಕೆ 1 ಪೌಂಡ್ ಆದಾಯ ಎಂದು ಎಣಿಸುತ್ತಾರೆ, ಅಷ್ಟೇ. ಈ ವರ್ಷ ಒಂಟಿ ವ್ಯಕ್ತಿಯ ಮಿತಿ 227 ಪೌಂಡ್ 10 ಪೆನ್ಸ್. ಅವರಿಗೆ ವಾರಕ್ಕೆ 37 ಪೌಂಡ್ ಬರಬೇಕು. ಮೂರು ತಿಂಗಳು ಹಿಂದಿನಿಂದ ಕೊಡುತ್ತಾರೆ, ಹಾಗೆಂದು ಅರ್ಜಿಯಲ್ಲಿ ಕೇಳಲು ಮರೆಯಬೇಡ. 75 ದಾಟಿದ್ದಾರೆ, ಟಿವಿ ಪರವಾನಗಿಯೂ ಉಚಿತವಾಗುತ್ತದೆ. ಕೌನ್ಸಿಲ್ ತೆರಿಗೆಯ ರಿಯಾಯಿತಿಯನ್ನು ಬೇರೆಯಾಗಿ ಕೇಳು. ಫೋನಿನಲ್ಲಿ ಮಾಡಬಹುದು, ಆದರೆ ಅವರಿಗೆ ಕಿವಿ ಮಂದವಿದ್ದರೆ ನೀನೇ ಪಕ್ಕದಲ್ಲಿ ಕೂರು.

ಶಾಲ್ಮಲೆ, ಕೊವೆಂಟ್ರಿ
ಡಿಸೆಂಬರ್ 15

ಇವತ್ತು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆವು, ಅಜ್ಜಿಯೂ ಬಂದರು. 8,000 ಪೌಂಡ್ ಮುಟ್ಟುವುದಿಲ್ಲ ಎಂಬುದನ್ನು ನಾನು ಹೇಳಿದಾಗ ಅವರು ನಂಬಲಿಲ್ಲ. ತಂಗಿ ಅದೇ ಮಾತನ್ನು ಕಿವಿಯ ಹತ್ತಿರ ಬಾಗಿ ನಿಧಾನವಾಗಿ ಹೇಳಿದ ಮೇಲೆ ಬ್ಯಾಂಕ್ ಪುಸ್ತಕವನ್ನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಕೊಟ್ಟರು. ಫೋನಿನಲ್ಲಿ ಐವತ್ತು ನಿಮಿಷವಾಯಿತು. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳಿದಾಗ ಕಾಗದ ನೋಡದೆ, ಎದ್ದು ನಿಂತು, ಬಾಯಿಪಾಠ ಹೇಳಿದರು. ಸೆಪ್ಟೆಂಬರ್ ಮಧ್ಯದಿಂದ ಲೆಕ್ಕ ಹಾಕುವಂತೆ ಕೇಳಿದ್ದೇವೆ. ಉತ್ತರ ಬಂದ ದಿನ ಇಲ್ಲಿ ಬರೆಯುತ್ತೇನೆ.